ಕಡಿಮೆ ಬಿದ್ದ ತಾಸು

ಒಟ್ಟು ಹಾರಿದ ತಾಸು ಎಷ್ಟು, ಮೊದಲ ಚೌಕ ಕೇಳುತ್ತದೆ.
ಅದರ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ:
ಐನೂರಕ್ಕಿಂತ ಕಡಿಮೆ ಇದ್ದವರು ದಯವಿಟ್ಟು ಅರ್ಜಿ ಹಾಕಬೇಡಿ.

ನನ್ನದು ನಾನೂರ ಎಂಬತ್ತೇಳು, ಮೇಲೆ ಮೂವತ್ತೈದು ನಿಮಿಷ.
ಮೂರು ಸಲ ಕೂಡಿಸಿದೆ.
ಒಮ್ಮೆ ಮೊಬೈಲಿನಲ್ಲಿ, ಒಮ್ಮೆ ಬೆರಳು ಮಡಚಿ,
ಒಮ್ಮೆ ಅಪ್ಪನ ಮೀನುಲೆಕ್ಕದ ಕ್ಯಾಲ್ಕುಲೇಟರಿನಲ್ಲಿ.
ಎಂಟರ ಗುಂಡಿಗೆ ಬಂಗಡೆಯ ಹುರುಪೆ ಅಂಟಿಕೊಂಡಿದೆ.
ಅದೂ ಅಷ್ಟೇ ಅಂದಿತು.

ಪಾವಸ್ಕರ ಫೋನಿನಲ್ಲಿ ನಗುತ್ತಾನೆ:
"ಹನ್ನೆರಡು ತಾಸು ಒಂದು ಲೆಕ್ಕವೇನೇ ಪ್ರಣಾಲಿ?
ಒಳ್ಳೆಯ ಪೆನ್ನಿದ್ದರೆ ಒಂದು ಮಧ್ಯಾಹ್ನದ ಕೆಲಸ.
ನಾನು ಹಾಗೇ ಮೂವತ್ತು ತಾಸು ಹಾರಿದ್ದೇನೆ,
ಒಂದು ಹನಿ ಎಣ್ಣೆ ಸುಡದೆ."
ನಾನೂ ನಕ್ಕೆ. ನಗಬಾರದಿತ್ತು.

ಚಕ್ರಕ್ಕೆ ಕೊಟ್ಟ ಮರದ ತುಂಡು ತೆಗೆದಲ್ಲಿಂದ
ಮತ್ತೆ ಕೊಡುವವರೆಗೆ. ನಿಯಮ ಇಷ್ಟೇ.
ಹಾಗಾಗಿ ರನ್‌ವೇ ಮೇಲೆ ಎಮ್ಮೆ ಮಲಗಿದ ಹನ್ನೊಂದು ನಿಮಿಷ
ಹಾರಾಟ.
ಮೊದಲ ಸಲ ಒಬ್ಬಳೇ ಹಾರಿ ಇಳಿದು
ಹ್ಯಾಂಗರಿನ ಹಿಂದೆ ವಾಂತಿ ಮಾಡಿಕೊಂಡು ಕೂತ ಅರ್ಧ ತಾಸು
ಹಾರಾಟವಲ್ಲ.
ಫೀಸು ಕಟ್ಟಲಾಗದೆ ನೆಲ ನೋಡಿದ ಏಳು ತಿಂಗಳಿಗೆ ಚೌಕವೇ ಇಲ್ಲ.
ಬೋಟಿನಲ್ಲಿದ್ದ ನಮ್ಮ ನಾಲ್ಕಾಣೆ ಪಾಲು ಮಾರಿದ ದುಡ್ಡು
ಎಪ್ಪತ್ತೆರಡು ತಾಸಾಯಿತು.
ಅದು ಪುಸ್ತಕದಲ್ಲಿದೆ, ಪುಟ ಹತ್ತೊಂಬತ್ತರಿಂದ,
ದುಡ್ಡಿನ ಮಾತಿಲ್ಲದೆ.

ಆಮೇಲೆ ಈ ಸಾಲು: ನವೆಂಬರ್ ಹದಿನಾಲ್ಕು, ದೂರಹಾರಾಟ.
ಘಟ್ಟ ದಾಟಿದ್ದೆ. ಕಡಲು ಕಂಡಿತ್ತು.
ಬಲಕ್ಕೆ ಸ್ವಲ್ಪ ವಾಲಿದ್ದರೆ ಕಾರವಾರ.
ರೇಡಿಯೋದೊಳಗಿನ ದನಿ ಅಂದಿತು,
ಅತ್ತ ಬೇಡ, ನೌಕಾನೆಲೆ, ಸುತ್ತು ಹಾಕಿ ಹೋಗಿ.
ಅರ್ಗೆಯಲ್ಲಿ ಅಜ್ಜಿಯ ಮನೆ ಇದ್ದ ಜಾಗ ಅದು.
ಮನೆಯ ಜೊತೆ ಅದರ ಮೇಲಿನ ಆಕಾಶವನ್ನೂ
ಬರೆಸಿಕೊಂಡಿದ್ದಾರೆಂದು ಆಗ ತಿಳಿಯಿತು.
ದೂರದಲ್ಲಿ ಏನೋ ಹೊಳೆಯಿತು,
ಕಾಳಿಯ ಬಾಯೋ, ಬರೀ ಬಿಸಿಲೋ.
ಆ ಸುತ್ತಿಗೆ ಹದಿನೆಂಟು ನಿಮಿಷ,
ನನ್ನೂರನ್ನು ನೋಡದೆ ನಾನು ಗಳಿಸಿದ್ದು.

ಬೈತಖೋಲದಲ್ಲಿ ಎಲ್ಲರೂ ಕೇಳುತ್ತಾರೆ,
ಮೇಲಿಂದ ನಮ್ಮ ಬಂದರು ಹೇಗೆ ಕಾಣುತ್ತದೆ?
ಚಂದ, ಅನ್ನುತ್ತೇನೆ.
ಬೋಟುಗಳು ಅಕ್ಕಿಕಾಳಿನ ಹಾಗೆ, ಅನ್ನುತ್ತೇನೆ.

ಅಪ್ಪ ತಟ್ಟೆ ಸರಿಸಿ ಪರದೆಯತ್ತ ಬಗ್ಗಿದ.
"ಮೀನು ಎಲ್ಲಿ ಸಿಕ್ಕಿತು ಅಂತ ಕೇಳಿದರೆ
ನಮ್ಮಲ್ಲಿ ಯಾರೂ ಖರೆ ಹೇಳುವುದಿಲ್ಲ.
ಎಷ್ಟು ಮಾರು ಆಳ ಅಂತ ಕೇಳಿದರೆ ಹೇಳುತ್ತೇವೆ.
ಹಿಂದೆ ಇನ್ನೊಬ್ಬರ ಬೋಟು ಬರುತ್ತಿರುತ್ತದೆ."
ಒಲೆಯ ಕಡೆಯಿಂದ ಅಮ್ಮ:
"ಡೀಸೆಲ್ ಪುಸ್ತಕದಲ್ಲಿ ಮಾತ್ರ
ದಂಡೆಗೆ ಎಳೆದಿಟ್ಟ ಬೋಟೂ ಕಡಲಿಗೆ ಹೋಗಿ ಬಂದಿದೆ."
ಅಪ್ಪ ಕೈತೊಳೆಯಲು ಎದ್ದ.

ಐನೂರು ಅಂತ ಒತ್ತಿದೆ. ದುಂಡಗೆ ಕೂತಿತು.
ಅಳಿಸಿದೆ.
ನಾನೂರ ಎಂಬತ್ತೇಳು. ಮೂವತ್ತೈದು.
ಕೆಂಪು ಗೆರೆಯೊಂದು ಬಂದು ಅಂಕಿಯ ಕೆಳಗೆ ನಿಂತಿತು.
ಕಳಿಸಿದೆ.

ಬೆಳಿಗ್ಗೆ ಕಡಲದಂಡೆಗೆ ಹೋದೆ.
ಅಲ್ಲಿ ನೋಡುವವರಿಗೆಂದು ನಿಲ್ಲಿಸಿದ
ನೌಕಾಪಡೆಯ ಹಳೇ ವಿಮಾನ, ರೆಕ್ಕೆಯ ಮೇಲೆ ಕಾಗೆ.
ಇದು ಎಷ್ಟು ತಾಸು ಹಾರಿದೆ ಅಂತ ಕೇಳಿದೆ.
ಕಾವಲಿನವನು ಚಹಾ ಆರಿಸಿಕೊಳ್ಳುತ್ತ,
"ಟಿಕೆಟ್ ಹತ್ತು ಗಂಟೆಗೆ" ಅಂದ.
ಎಲ್ಲಿಗೂ ಹೋಗದ ಅದರ ಚಕ್ರಗಳಿಗೂ
ಯಾರೋ ಮರದ ತುಂಡು ಕೊಟ್ಟಿದ್ದಾರೆ.
ಬೇಲಿಯ ಸಂದಿಯಿಂದ ಕಾಲು ಚಾಚಿ ಒಂದನ್ನು ಒತ್ತಿ ನೋಡಿದೆ.
ಗಟ್ಟಿ ಕೂತಿದೆ.